ನಾನೂರ ಹನ್ನೆರಡು ಬಾಣಗಳು

ಜೂನ್ 9, ಸೋಮವಾರ. ರಾತ್ರಿ

ಬೆಳಿಗ್ಗೆ 10.10ಕ್ಕೆ ಮೊದಲ ಫೋನ್, ಕೊಪ್ಪಳದಿಂದ. "ಅಕ್ಕಾರ, ಮಷಿನ್ ತುಳದ್ರ ಬರೀ ಸಪ್ಪಳ ಬರ್ತದ್ರಿ, ಹೊಲಿಗಿ ಬೀಳವಲ್ದು." ಸೂಜಿಯನ್ನು ಹಿಂದುಮುಂದಾಗಿ ಹಾಕಿದ್ದರು. ಫೋನಿನಲ್ಲೇ ಬಿಚ್ಚಿಸಿ ಹಾಕಿಸಿದೆ. ಹೊಲಿಗೆ ಬಿತ್ತು. ಆಕೆ ನಕ್ಕರು. ಪ್ರಶ್ನೆಯನ್ನು ಅವರ ಬಾಯಿಂದ ಬಂದ ಹಾಗೆಯೇ ನೋಟ್‌ಬುಕ್ಕಿಗೆ ಇಳಿಸಿದೆ. ಸಂಜೆ ಅಂಗಡಿಯ ವೆಬ್‌ಸೈಟಿಗೆ ಹೊಸ ಪುಟ. ಕೆಳಗೆ ಎಂದಿನಂತೆ ಎರಡು ಸಾಲು:

ಬೆನ್ನು ತಿರುಗಿಸಿ ಕೂತ ಸೂಜಿ, ಬೀಳದು ಹೊಲಿಗೆ;
ಬಿಚ್ಚಿ ನೇರ ಕೂರಿಸಿ, ಸಾಕು ಒಂದು ಗಳಿಗೆ.

ಪ್ರಾಸದ ಚಟ ಬಿ.ಎ. ಕಾಲದ್ದು. ಗಂಡ ಬಿಟ್ಟುಹೋದ, ಇದು ಹೋಗಲಿಲ್ಲ.

ಮಧ್ಯಾಹ್ನ ಗಿರಿ ಬಂದು ಯಜಮಾನರಾದ ನರಸಯ್ಯನವರ ಟೇಬಲ್ ಮುಂದೆ ನಿಂತ. ಹೊಸ ವೆಬ್‌ಸೈಟ್ ಮಾಡಬೇಕಂತೆ. ಹೆಸರೂ ಹೊಸದು. "ಶ್ರೀ ನರಸಯ್ಯ ಹೊಲಿಗೆ ಮಷಿನ್ ವರ್ಕ್ಸ್ ಅಂದ್ರೆ ಮೊಬೈಲ್ ಸ್ಕ್ರೀನಲ್ಲಿ ಹಿಡಿಸಲ್ಲ ಯಜಮಾನ್ರೇ. ಬಾಬಿನ್ ಬಜಾರ್ ಅಂತ ಇಡೋಣ." ಕೆಳದಾರ ಸುತ್ತುವ ಉರುಳೆಯ ಹೆಸರಲ್ಲೊಂದು ಬಜಾರ್! ಪ್ರಾಸ ನನ್ನದಲ್ಲ. ನನ್ನದಾಗಿದ್ದರೆ ಇಷ್ಟು ಅಗ್ಗವಾಗಿರುತ್ತಿರಲಿಲ್ಲ.

ಗಿರಿ ನನ್ನ ತಮ್ಮ. ಒಂಬತ್ತು ವರ್ಷದ ಹಿಂದೆ ನಾನೇ ಇಲ್ಲಿಗೆ ಕಂಪ್ಯೂಟರ್ ಕೆಲಸಕ್ಕೆ ಸೇರಿಸಿದ್ದು. "ನನ್ ತಮ್ಮ ಅಂತ ಹೇಳ್ತಿಲ್ಲ, ಹುಡುಗ ಒಳ್ಳೆಯವನು" ಎಂದು ನರಸಯ್ಯನವರಿಗೆ ಹೇಳಿದ ಮಾತು ಇನ್ನೂ ನೆನಪಿದೆ.

ಜೂನ್ 11, ಬುಧವಾರ

ನಿನ್ನೆ ನಿದ್ದೆ ಸರಿ ಬರಲಿಲ್ಲ. ಬೆಳಿಗ್ಗೆ ಬಂದವಳೇ ಹೇಳಿದೆ. ಯಜಮಾನ್ರೇ, ಗೂಗಲ್‌ಗೆ ನಮ್ಮ ಪುಟ ಗೊತ್ತಿರುವುದು ಅದರ ವಿಳಾಸದಿಂದ. "ದಾರ ಯಾಕೆ ಗಂಟಾಗ್ತದೆ" ಎಂದು ಯಾರು ಕೇಳಿದರೂ ಮೊದಲು ತೋರಿಸುವುದು ನಮ್ಮನ್ನು. ಹನ್ನೊಂದು ವರ್ಷದ ದುಡಿಮೆ. ವಿಳಾಸ ಬದಲಾದರೆ ಆ ಜಾಗ ಹೋಗುತ್ತದೆ. ಜಾಗ ಹೋದರೆ ಫೋನ್ ಹೋಗುತ್ತದೆ. ಫೋನ್ ಹೋದರೆ ಅಂಗಡಿ.

ನರಸಯ್ಯನವರು ನಕ್ಕರು. "ಅಂಗಡೀನ ಆ ಗಲ್ಲಿಯಿಂದ ಈ ಗಲ್ಲಿಗೆ ತಂದಾಗ ಏನ್ ಮಾಡಿದ್ದೆ ಗೊತ್ತೇನಮ್ಮ? ಹಳೇ ಶಟರ್ ಮೇಲೆ ಒಂದು ಬಾಣ ಬರೆಸ್ದೆ. ಒಬ್ಬ ಗಿರಾಕೀನೂ ದಾರಿ ತಪ್ಪಲಿಲ್ಲ."

"ಅದೇ ಯಜಮಾನ್ರೇ, ರೀಡೈರೆಕ್ಟ್ ಅಂದ್ರೆ" ಎಂದ ಗಿರಿ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ದಾಟಿಸುವ ಬಾಣ. ಅದನ್ನು ನೋಡಿ ಗೂಗಲ್ ಕೂಡ ನಮ್ಮ ಜಾಗವನ್ನು ಹೊಸ ವಿಳಾಸಕ್ಕೆ ಬರೆದುಕೊಡುತ್ತದೆ.

ನಾನು ಪಟ್ಟು ಹಿಡಿದೆ. ಎಲ್ಲರನ್ನೂ ಮುಂಬಾಗಿಲಿಗೆ ತಂದು ಬಿಡುವ ಬಾಣ ಬೇಡ. ಸೂಜಿ ಕೇಳಿ ಬಂದವಳು ಸೂಜಿಯ ಪುಟಕ್ಕೇ ಹೋಗಬೇಕು, ಬೆಲ್ಟ್ ಕೇಳಿದವಳು ಬೆಲ್ಟಿಗೆ. ಪುಟಕ್ಕೊಂದು ಬಾಣ.

"ನೀನು ಹೇಳಿದ್ದೇ ಸರಿ ಕಣಕ್ಕ" ಎಂದ ಗಿರಿ.

ಮೂವತ್ತೇಳು ವರ್ಷದಲ್ಲಿ ಮೊದಲ ಸಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಿತ್ತು.

ಜೂನ್ 24, ಮಂಗಳವಾರ. ಸಂಜೆ

ಶೀಟ್ ಮುಗಿಯಿತು. ಎಡಗಡೆ ಹಳೆಯ ವಿಳಾಸ, ಬಲಗಡೆ ಹೊಸದು. ನಾನೂರ ಹನ್ನೆರಡು ಸಾಲು. ಹದಿಮೂರು ದಿನ. ಮಣಿಕಟ್ಟು ಊದಿಕೊಂಡಿದೆ. ಮುರುಗೇಶ್, ನಮ್ಮ ಮೆಕ್ಯಾನಿಕ್, ಮಷಿನ್ ಎಣ್ಣೆ ತಂದುಕೊಟ್ಟು "ಹಚ್ಕೊಳ್ಳಿ ಮೇಡಂ, ಹಳೇ ಮಾಡೆಲ್‌ಗೆ ಇದೇ ಸರಿ" ಎಂದ. ಬೈದೆ. ಆಮೇಲೆ ಹಚ್ಚಿಕೊಂಡೆ.

ಬಾಣದಲ್ಲೂ ಎರಡು ಜಾತಿಯಂತೆ, ಟೆಂಪರರಿ ಮತ್ತು ಪರ್ಮನೆಂಟ್. ಟೆಂಪರರಿ ಹಾಕಿದರೆ ಗೂಗಲ್ ಹಳೆಯ ಮನೆಯನ್ನೇ ನೆನಪಿಟ್ಟುಕೊಂಡು ಕಾಯಬಹುದು. ಪರ್ಮನೆಂಟ್ ಹಾಕು ಎಂದು ಯಜಮಾನರ ಎದುರಿಗೇ ಗಿರಿಗೆ ಹೇಳಿದೆ.

"ನಂಗೂ ಪರ್ಮನೆಂಟೇ ಬೇಕು" ಎಂದ.

ಜೂನ್ 28, ಶನಿವಾರ

ರಾಹುಕಾಲ ಕಳೆಯಲೆಂದು ಹತ್ತೂವರೆವರೆಗೆ ಕಾದೆವು. ಯಜಮಾನರು ಕಂಪ್ಯೂಟರಿಗೆ ಕುಂಕುಮ ಇಟ್ಟು, ನಿಂಬೆಹಣ್ಣು ಕೀಬೋರ್ಡಿನ ಮೇಲೆ ಇಟ್ಟರು. ಸ್ಕ್ರೀನ್ ತುಂಬ ಒಂದೇ ಅಕ್ಷರ ಸಾಲಾಗಿ ಓಡಿತು. ಹಣ್ಣು ಪಕ್ಕಕ್ಕಿಟ್ಟೆ.

ಗಿರಿ ಒಂದು ಫೈಲ್ ತೆರೆದು ತೋರಿಸಿದ. "ನೋಡಕ್ಕ, ನಿನ್ನ ನಾನೂರ ಹನ್ನೆರಡು ಬಾಣಾನೂ ಇದರಲ್ಲೇ ಇದೆ." ಹಳೆಯ ಸೈಟಿನ ಒಳಗೆ ಹೋಗಲು ಒಟಿಪಿ ಬೇಕು. ಅದು ಬರುವುದು ಅಂಗಡಿಯ ಫೋನಿಗೆ. ಅಂಗಡಿಯ ಫೋನ್ ಹನ್ನೊಂದು ವರ್ಷದಿಂದ ನನ್ನ ಕೈಯಲ್ಲಿ. "ಒಂದು ನಂಬರ್ ಬರುತ್ತೆ, ಹೇಳಕ್ಕ." ಹೇಳಿದೆ. ಮೂರು ಸಲ ಕೇಳಿದ, ಮೂರು ಸಲವೂ ಹೇಳಿದೆ.

ಹೊಸ ಸೈಟಿಗೆ ಒಂದು ಸಲವೂ ಕೇಳಲಿಲ್ಲ. ಒಳ್ಳೆಯದೇ, ಕೆಲಸ ಕಮ್ಮಿ.

12.15. ಹಳೆಯ ಲಿಂಕ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹೊಸ ಪುಟ. ನನ್ನ ಪ್ರಾಸ ಅಲ್ಲೇ ಇತ್ತು, ಸ್ನಾನ ಮಾಡಿ ಹೊಸ ಅಂಗಿ ತೊಟ್ಟಂತೆ. ಕೆಳಗೆ ನಮ್ಮ ಫೋನ್ ನಂಬರ್. ಯಜಮಾನರು ಎಲ್ಲರಿಗೂ ಮೈಸೂರು ಪಾಕ್ ತರಿಸಿದರು.

ಜುಲೈ 5, ಶನಿವಾರ

ಒಂದೊಂದೇ ಸಾಲು ಒತ್ತಿ ನೋಡಿ ಮುಗಿಸಿದೆ. ಮೂರು ತಪ್ಪು ಸಿಕ್ಕವು. ಗಿರಿ ಅಲ್ಲೇ ತಿದ್ದಿದ. ಗೂಗಲ್‌ನಲ್ಲಿ "ಸೂಜಿ ಯಾಕೆ ಮುರೀತದೆ" ಹಾಕಿದರೆ ಮೊದಲ ಜಾಗ. "ಬಾಬಿನ್ ಕೇಸ್ ಕೂರ್ತಿಲ್ಲ", ಮೊದಲ ಜಾಗ. "ರೀಡೈರೆಕ್ಟ್" ಎಂಬುದಕ್ಕೆ "ಕರೆಕ್ಟ್" ಬಿಟ್ಟು ಬೇರೆ ಪ್ರಾಸ ಸಿಗಲಿಲ್ಲ. ಅದೇ ಸಾಕು.

ಜುಲೈ 12, ಶನಿವಾರ

ಗಿರಿ ಕೆಲಸ ಬಿಟ್ಟ. ಸ್ವಂತ ಏನೋ ಮಾಡುತ್ತಾನಂತೆ, ಬೇರೆಯವರಿಗೆ ವೆಬ್‌ಸೈಟ್ ಕಟ್ಟಿಕೊಡುವುದು. ಯಜಮಾನರು ಶಾಲು ಹೊದಿಸಿದರು. "ಮಗ ಇದ್ದ ಹಾಗಿದ್ದೆ ಕಣಪ್ಪ" ಎಂದರು. ಅವನು ಕಾಲಿಗೆ ಬಿದ್ದ. ನಾನು ಅತ್ತೆ. ಇವೆಲ್ಲ ಆ ಕ್ರಮದಲ್ಲೇ ಆದವು, ಬರೆದಿಟ್ಟಿದ್ದೇನೆ.

ಜುಲೈ 22, ಮಂಗಳವಾರ

ದಿನಕ್ಕೆ ಐವತ್ತು ಫೋನ್ ಬರುತ್ತಿದ್ದ ಕಡೆ ಇವತ್ತು ಆರು.

"ಆಷಾಢ ಅಲ್ವೇನಮ್ಮ" ಎಂದರು ಯಜಮಾನರು. "ಮದುವೆ ಇಲ್ಲ, ಮುಂಜಿ ಇಲ್ಲ. ಯಾರು ಬ್ಲೌಸ್ ಹೊಲಿಸ್ತಾರೆ? ಶ್ರಾವಣ ಬರ್ಲಿ."

ಗೂಗಲ್ ನೋಡಿದೆ. ಮೊದಲ ಜಾಗ, ಅಲುಗಿಲ್ಲ. ಹಾಗಾದರೆ ಆಷಾಢವೇ.

ಜುಲೈ 31, ಗುರುವಾರ

ಶ್ರಾವಣ ಬಂತು. ಫೋನ್ ಬರಲಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಎಂಟು ದಿನ. ಈ ಹೊತ್ತಿಗೆ ಪ್ರತಿ ವರ್ಷ ನನಗೆ ಊಟಕ್ಕೆ ಬಿಡುವಿರುತ್ತಿರಲಿಲ್ಲ. ಇವತ್ತು ನಿಧಾನವಾಗಿ ಅಗಿದು ತಿಂದೆ. ಮೂರು ಫೋನ್. ಒಂದು ರಾಂಗ್ ನಂಬರ್. ಒಂದು ಸಾಲ ಬೇಕೇ ಎಂದು ಕೇಳಿದ್ದು.

ಮುರುಗೇಶ್ ಪೇಪರಿನ ಪದಬಂಧ ತುಂಬುತ್ತಿದ್ದಾನೆ. ಯಜಮಾನರು ಯಾರನ್ನೂ ನೋಡದೆ ಹೇಳಿದರು: "ದಸರಾವರೆಗೂ ನೋಡ್ತೀನಿ. ಆಮೇಲೆ ಶಟರ್ ಎಳೆಯೋದೇ."

ಆಗಸ್ಟ್ 2, ಶನಿವಾರ. ಮಧ್ಯಾಹ್ನ 12.40

ಇಳಕಲ್ಲಿನ ನಿಂಗವ್ವ ಫೋನ್ ಮಾಡಿದರು. ಹಳೆಯ ಗಿರಾಕಿ, ನಮ್ಮ ನಂಬರ್ ಅವರ ಗೋಡೆಯ ಮೇಲೆ ಬರೆದಿದೆಯಂತೆ.

"ಅಕ್ಕಾರ, ನೀವು ಕಳಿಸಿದ ಬಾಬಿನ್ ಕೇಸ್ ಕೂಡವಲ್ದು ನೋಡ್ರಿ. ಬ್ಯಾರೇ ಮಷಿನ್ದು ಕಳಿಸೀರಿ."

"ನಾವು ಕಳಿಸಿಲ್ಲವಲ್ಲ ನಿಂಗವ್ವ."

"ಏನಂತ ಮಾತಾಡ್ತೀರಿ? ನಿಮ್ಮ ಮಾಕಳಿ ಬ್ರಾಂಚಿನಿಂದ ಬಂದೈತಿ. ಮೊಬೈಲ್‌ನಾಗ ನಿಮ್ಮ ಹಾಡು ಓದೇ ನಾ ಆರ್ಡರ್ ಮಾಡಿದ್ದು."

ನಮಗೆ ಮಾಕಳಿಯಲ್ಲಿ ಬ್ರಾಂಚ್ ಇಲ್ಲ. ಎಲ್ಲೂ ಇಲ್ಲ.

ಹೊಸ ಸೈಟ್ ತೆರೆದೆ. ಪ್ರಾಸದ ಕೆಳಗೆ ಫೋನ್ ನಂಬರ್. ನಮ್ಮದಲ್ಲ. ಒತ್ತಿದೆ.

"ಬಾಬಿನ್ ಬಜಾರ್, ಹೇಳಿ ಮೇಡಂ" ಎಂದಿತು ನನ್ನ ತಮ್ಮನ ದನಿ.

ಇಟ್ಟುಬಿಟ್ಟೆ.

12.55

ಹೊಸ ಸೈಟಿಗೆ ಒಟಿಪಿ ಏಕೆ ಕೇಳಲಿಲ್ಲ ಎಂದು ಈಗ ತಿಳಿಯಿತು. ಅದು ಅವನ ಫೋನಿಗೇ ಬರುತ್ತಿತ್ತು. ಸೈಟ್ ಮೊದಲಿನಿಂದಲೂ ಅವನ ಹೆಸರಿನಲ್ಲೇ ಇತ್ತು. ಕೆಲಸ ಬಿಡುವವರೆಗೆ ನಮ್ಮ ನಂಬರ್ ಇಟ್ಟಿದ್ದ, ಬಿಟ್ಟ ಮೇಲೆ ತನ್ನದು ಹಾಕಿಕೊಂಡ. ವಾರವಾರ ಗೂಗಲ್ ನೋಡಿದೆ, ಮೊದಲ ಜಾಗ ನೋಡಿ ಹಿಗ್ಗಿದೆ. ಪುಟದ ಕೆಳಗೆ ಕಣ್ಣು ಹಾಯಿಸಲಿಲ್ಲ.

ಜಾಗ ಉಳಿಸುತ್ತೇನೆ ಎಂದಿದ್ದೆ. ಉಳಿಸಿದೆ. ಅಷ್ಟು ಅಚ್ಚುಕಟ್ಟಾಗಿ ಯಾರೂ ಉಳಿಸುತ್ತಿರಲಿಲ್ಲ.

ಆಗಸ್ಟ್ 3, ಭಾನುವಾರ

ಸೋಲದೇವನಹಳ್ಳಿಯಲ್ಲಿ ರೈಲು ಇಳಿದು ಮಾಕಳಿಗೆ ಆಟೋ. ಗಿರಿಯ ಗೋಡೌನ್ ಸಣ್ಣದು. ಪಾರ್ಸೆಲ್‌ಗಳು ಎದೆಯೆತ್ತರ. ಅವನ ಮುಖದಲ್ಲಿ ಕಳ್ಳನ ಕಳೆ ಹುಡುಕಿದೆ. ಇರಲಿಲ್ಲ. ಹೊಸ ಬೈಕ್ ತಂದವನ ಕಳೆ ಇತ್ತು.

"ಬಾ ಅಕ್ಕ. ನಾನೇ ಕರೆಯೋಣ ಅಂತಿದ್ದೆ."

"ಅಂಗಡಿಗೆ ಫೋನೇ ಬರ್ತಿಲ್ಲ ಕಣೋ."

"ಬರಲ್ಲ. ಎಲ್ಲಾ ಇಲ್ಲಿಗೆ ಬರುತ್ತೆ."

"ಯಾರ ಆಸ್ತಿನೋ ಅದು?"

"ಯಾರದ್ದು, ನೀನೇ ಹೇಳು. ಸೈಟ್ ಕಟ್ಟಿದ್ದು ನಾನು, ಬರೆದಿದ್ದು ನೀನು. ಅವರು ಕೂತ್ಕೊಂಡು ಕಾಫಿ ಕುಡಿದ್ರು."

"ಅವರು ಮಷಿನ್ ಬಿಚ್ಚಿ ತೋರಿಸ್ದೇ ಇದ್ದಿದ್ರೆ ನಾನೇನ್ ಬರೀತಿದ್ದೆ? ನನ್ನ ಬಿ.ಎ. ಸಿಲಬಸ್ಸಲ್ಲಿ ಬಾಬಿನ್ ಇರ್ಲಿಲ್ಲ."

ಅವನು ನಗಲಿಲ್ಲ. ಮೊಬೈಲ್ ತಿರುಗಿಸಿ ಹಿಡಿದ. "ಹನ್ನೊಂದು ವರ್ಷ ಅಕ್ಕ. ಒಂದು ಪುಟದಲ್ಲಾದ್ರೂ ನಿನ್ನ ಹೆಸರು ಹಾಕಿದ್ರಾ ಅವರು? ನೋಡು. ನಿನ್ನೆ ಹಾಕ್ದೆ. ನಾನೂರ ಹನ್ನೆರಡಕ್ಕೂ."

ಬರೆದವರು: ಅಂಜಿನಮ್ಮ, ಬಿ.ಎ.

ಈ ಡೈರಿಯಲ್ಲಿ ಸುಳ್ಳು ಬರೆದು ಯಾರಿಗೆ ಮೋಸ? ಒಂದು ಗಳಿಗೆ ಖುಷಿಯಾಯಿತು. ಹೆಬ್ಬೆರಳಿನಿಂದ ಹೆಸರನ್ನು ದೊಡ್ಡದು ಮಾಡಿ ನೋಡಿದೆ.

"ನಾಳೆಯಿಂದ ಇಲ್ಲಿಗೇ ಬಾ. ನಿನ್ನ ಬಿಟ್ಟು ನಾನು ಏನೂ ಮಾಡಿಲ್ಲ ಕಣಕ್ಕ."

"ನನ್ನ ಕೇಳಿಯೂ ಏನೂ ಮಾಡಿಲ್ಲ" ಎಂದೆ. ಎದ್ದು ಬಂದೆ.

ಅದೇ ದಿನ ಸಂಜೆ

ಅವ್ವನಿಗೆ ಹೇಳಿದೆ. ಹೇಳಬಾರದಿತ್ತು.

"ಇಂಗ್ಯಾಕಾಡ್ತೀಯೇ? ಅವ್ನೂ ಬದುಕ್ಬೇಕಲ್ಲ. ಅಬ್ಬದ ಮುಂದೆ ಒಡುಟ್ಟಿದೋನ್ ಮೇಲೆ ಚಾಡಿ ಏಳ್ಬೇಡ."

ಅವನೂ ಇವಳ ಮಗ, ನಾನೂ ಇವಳ ಮಗಳು. ಗಂಜಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು. ಕೇಳಲಿಲ್ಲ, ಹಾಗೇ ಉಂಡೆ.

ಆಗಸ್ಟ್ 4, ಸೋಮವಾರ

ಬೆಳಿಗ್ಗೆ ಮುರುಗೇಶ್ ಬರುವ ಮೊದಲೇ ಯಜಮಾನರಿಗೆ ಎಲ್ಲ ಹೇಳಿದೆ. ಮೊಬೈಲಿನಲ್ಲಿ ಪುಟ ತೆರೆದು ಕೊಟ್ಟೆ. ಇದು ಅವನ ನಂಬರ್, ಇದು ಅವನ ವಿಳಾಸ. ಅವರು ಕನ್ನಡಕ ಹಾಕಿಕೊಂಡು ಕೈ ದೂರ ಹಿಡಿದು ಓದಿದರು. ಬಹಳ ಹೊತ್ತು ಓದಿದರು.

"ಇದು ನಿನ್ ಹೆಸರಲ್ವೇನಮ್ಮ?"

ಆ ಹೆಸರು ಅಲ್ಲಿದೆ ಎಂಬುದೇ ನನಗೆ ಮರೆತುಹೋಗಿತ್ತು.

"ಅವನು ಹಾಕಿದ್ದು. ನನಗೆ ಗೊತ್ತಿರ್ಲಿಲ್ಲ ಯಜಮಾನ್ರೇ."

"ಶೀಟ್ ಮಾಡಿದ್ದು ನೀನು. ನಂಬರ್ ಹೇಳಿದ್ದು ನೀನು. ಪರ್ಮನೆಂಟ್ ಹಾಕು ಅಂದಿದ್ದೂ ನೀನೇ, ನನ್ನೆದುರಿಗೆ." ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಅವನು ನಿನ್ ತಮ್ಮ. ನೀನೂ ಇದ್ದೀಯಾ ಇದರಲ್ಲಿ?"

ಇಲ್ಲ ಎಂದೆ. ಒಂದೇ ಸಲ ಎಂದೆ. ಎರಡನೆಯ ಸಲ ಹೇಳಿದರೆ ಸುಳ್ಳಿನಂತೆ ಕೇಳಿಸುತ್ತದೆ ಎನಿಸಿತು.

ಕೈ ಚಾಚಿದರು. ಅಂಗಡಿಯ ಫೋನ್ ಕೊಟ್ಟೆ. ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. "ಇದು ಇಲ್ಲಿರ್ಲಿ."

ಹನ್ನೊಂದು ವರ್ಷದಲ್ಲಿ ಜ್ವರ ಬಂದಾಗಲೂ ಆ ಫೋನ್ ನನ್ನ ದಿಂಬಿನ ಕೆಳಗಿತ್ತು.

ಮೊದಮೊದಲು ಬರೆದದ್ದೊಂದು ನೆನಪಾಯಿತು, ದಾರ ಗಂಟಾಗುವುದರ ಬಗ್ಗೆ:

ಮೇಲಿನ ದಾರ ಸಡಿಲ, ಕೆಳಗೆ ಗಂಟಿನ ಸಾಲು;
ತಪ್ಪು ಮಾಡಿದ್ದು ಮೇಲಿನದು, ಬೈಗುಳ ಬಾಬಿನ್ ಪಾಲು.

ಎಷ್ಟು ಜನ ಓದಿದ್ದಾರೋ. ಇವತ್ತು ನಾನೂ ಓದಿದೆ.

ಆಗಸ್ಟ್ 6, ಬುಧವಾರ. ಮಧ್ಯಾಹ್ನ 1.30

ಊಟಕ್ಕೆ ಕೂತಿದ್ದೆ. ಗಿರಿ ನನ್ನ ಸ್ವಂತ ಮೊಬೈಲಿಗೆ ಫೋನ್ ಮಾಡಿದ.

"ಅಕ್ಕ, ಅಂಗಡಿ ಫೋನಿಗೆ ಒಂದು ನಂಬರ್ ಬರುತ್ತೆ, ಹೇಳ್ತೀಯಾ?"

ಏನೂ ಆಗಿಲ್ಲವೆಂಬಂತೆ. ಸಕ್ಕರೆ ಸಾಲ ಕೇಳುವ ಪಕ್ಕದ ಮನೆಯವನಂತೆ.

"ಯಾತಕ್ಕೋ?"

"ಹಳೇ ಸೈಟ್ ನನ್ನ ಹೆಸರಿಗೆ ವರ್ಗ ಮಾಡ್ಕೋಬೇಕು. ಬಾಣ ಎಲ್ಲಾ ಇನ್ನೂ ಅಲ್ಲೇ ಇರೋದಲ್ವಾ? ಯಾರಾದ್ರೂ ಕಿತ್ತುಹಾಕಿ ಹಳೇ ಪುಟ ವಾಪಸ್ ಹಾಕಿದ್ರೆ ನನ್ನ ಕಥೆ ಮುಗೀತು."

"ಫೋನ್ ಯಜಮಾನ್ರ ಡ್ರಾಯರಲ್ಲಿದೆ."

"ಅವರು ಊಟಕ್ಕೆ ಹೋದಾಗ ನೋಡು. ನಾಳೆ ಇಷ್ಟೊತ್ತಿಗೆ ಮತ್ತೆ ಮಾಡ್ತೀನಿ. ಸರೀನಾ?"

ನಾನು ಅವನ ಕಡೆ ಎಂದೇ ತಿಳಿದಿದ್ದಾನೆ. ಯಜಮಾನರೂ ಹಾಗೇ ತಿಳಿದಿದ್ದಾರೆ. ಈ ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತ.

ಸಂಜೆ 6.00

ಹಳೆಯ ಸೈಟಿನ ಪುಟಗಳನ್ನು ಅವನು ಅಳಿಸಿದ್ದಾನೆ. ಆದರೆ ನನ್ನ ನೋಟ್‌ಬುಕ್‌ಗಳು? ಹದಿನೇಳು, ಲಾಂಗ್ ಸೈಜ್, ಟ್ರಂಕಿನಲ್ಲಿವೆ. ಕನ್ನಡ ಮೀಡಿಯಂನವಳು, ಪೆನ್ನಿನಲ್ಲಿ ಬರೆಯದೆ ಟೈಪ್ ಮಾಡಿದ್ದೇ ಇಲ್ಲ. ಒಂದು ಪುಟವೂ ಕಳೆದಿಲ್ಲ.

ಬಾಣ ಕಿತ್ತರೆ ಗೂಗಲ್ ಮತ್ತೆ ನಮ್ಮನ್ನು ಮೊದಲಿಗೆ ಕೂರಿಸುತ್ತದೆಯೇ? ಗೊತ್ತಿಲ್ಲ. ತಿಂಗಳುಗಟ್ಟಲೆ ಹಿಡಿಯಬಹುದು. ಕೂರಿಸದೆಯೂ ಇರಬಹುದು. ಅವನು ಬೀಳುವುದಂತೂ ಖಂಡಿತ. ನನ್ನ ಹೆಸರೂ ಅವನ ಜೊತೆಗೆ ಬೀಳುತ್ತದೆ, ಬಿ.ಎ. ಸಮೇತ.

ಬೀಳಲಿ.

ಆಗಸ್ಟ್ 7, ಗುರುವಾರ. ಬೆಳಿಗ್ಗೆ 11.20

ನಾಳೆ ಹಬ್ಬ. ಮಾರ್ಕೆಟ್ ಕಡೆಯಿಂದ ಹೂವಿನ ಗದ್ದಲ. ಅಂಗಡಿಯಲ್ಲಿ ಫ್ಯಾನಿನ ಸದ್ದು.

ಹದಿನೇಳು ನೋಟ್‌ಬುಕ್ ಹೊತ್ತು ತಂದು ಯಜಮಾನರ ಟೇಬಲ್ ಮೇಲಿಟ್ಟೆ. ಗಿರಿ ನಿನ್ನೆ ಕೇಳಿದ್ದನ್ನು ಹೇಳಿದೆ. ಮಾಡಬೇಕಾದ್ದನ್ನೂ ಹೇಳಿದೆ. ಬಾಣಗಳ ಆ ಫೈಲ್ ಅಳಿಸಬೇಕು, ಸೈಟಿನ ಪಾಸ್‌ವರ್ಡ್ ಬದಲಿಸಬೇಕು, ಪುಟಗಳನ್ನು ಮೊದಲಿನಿಂದ ಹಾಕಬೇಕು.

ಒಂದು ನೋಟ್‌ಬುಕ್ ತೆಗೆದು ತಿರುವಿದರು.

ಕಂಪ್ಯೂಟರ್ ಮುಂದೆ ಕೂತೆ. ಹಳೆಯ ಸೈಟ್ ತೆರೆದೆ. ಒಟಿಪಿ ಕೇಳಿತು. ಆರು ಅಂಕಿ, ಹತ್ತು ನಿಮಿಷದ ಗಡುವು. ಡ್ರಾಯರಿನೊಳಗೆ ಫೋನ್ ಒಮ್ಮೆ ಗುಂಯ್ ಎಂದಿತು.

"ಯಜಮಾನ್ರೇ, ಒಂದು ನಂಬರ್ ಬಂದಿದೆ. ಹೇಳ್ತೀರಾ?"

"ನಿನ್ ತಮ್ಮನೂ ಹಿಂಗೇ ಕೇಳ್ತಿದ್ನಲ್ಲಮ್ಮ."

"ಹೌದು. ಇದೇ ಮಾತು."

ನಾನು ತಿರುಗಿ ನೋಡಲಿಲ್ಲ. ಬರೆದುಕೊಳ್ಳಲು ಚೀಟಿ ಸಿಗದೆ ಈ ಡೈರಿ ತೆಗೆದಿದ್ದೇನೆ. ಸುಮ್ಮನೆ ಕೂರಲಾಗದೆ ಇಷ್ಟನ್ನೂ ಬರೆಯುತ್ತಿದ್ದೇನೆ. ಐದು ನಿಮಿಷವಾಯಿತು. ಆರು.

ಬೀಗದ ಸದ್ದು. ಡ್ರಾಯರ್. ಕನ್ನಡಕದ ಡಬ್ಬಿ.

"ಬರ್ಕೋ" ಎಂದರು.

ಏಳು.

ಸೊನ್ನೆ.

ನಾಲ್ಕು.

ನಿಲ್ಲಿಸಿದರು. ಇನ್ನೂ ಮೂರು ಬೇಕು. ನನ್ನ ಬೆನ್ನನ್ನೇ ನೋಡುತ್ತಿದ್ದಾರೆ, ಗೊತ್ತಾಗುತ್ತಿದೆ. ನಾನು ತಿರುಗದೆ, ನಾಲ್ಕರ ಪಕ್ಕ ಮೂರು ಅಂಕಿಗೆ ಜಾಗ ಬಿಟ್ಟು, ಪೆನ್ನು ಹಿಡಿದೇ ಕೂತಿದ್ದೇನೆ.